ಷರ್ಮನ್ ಟ್ಯಾಂಕಿಗೆ ಮುಲ್ತಾನಿ ಮಿಟ್ಟಿ: ಪ್ಲಾಸ್ಟಿಕ್ ಮಾದರಿ ಕಟ್ಟಿ ಬಣ್ಣ ಹಚ್ಚುವ ಕ್ರಮ

ನಾನು ಕಟ್ಟಿದ ಮೊದಲ ಟ್ಯಾಂಕಿಗೆ ನಮ್ಮ ಕೋಲಾರದ ಅಂತರಗಂಗೆ ಬೆಟ್ಟದ ಬುಡದ ಕೆಂಪು ಮಣ್ಣು ಹಚ್ಚಿದ್ದೆ. ಚಕ್ರಗಳ ಸಂದಿಗೆ, ಚೈನಿನ ಹಲ್ಲುಗಳಿಗೆ, ಕೈ ಹಿಡಿಯದೆ ಧಾರಾಳವಾಗಿ. 1965ರ ಸೆಪ್ಟೆಂಬರಿನ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಕಾದಾಡಿದ ಷರ್ಮನ್ ಎಂದು ಅಡಿಯಲ್ಲಿ ಚೀಟಿಯನ್ನೂ ಅಂಟಿಸಿದ್ದೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ ನಿವೃತ್ತ ಸುಬೇದಾರರು ಒಂದು ಸಂಜೆ ಬಂದು, ಕನ್ನಡಕ ಏರಿಸಿ, ಅದನ್ನು ಎರಡು ಸುತ್ತು ತಿರುಗಿಸಿ ನೋಡಿದರು. "ಕೆಲಸ ಚೆನ್ನಾಗಿದೆ ಮೇಷ್ಟ್ರೇ. ಆದರೆ ಈ ಟ್ಯಾಂಕು ಮುಳಬಾಗಿಲಿಗೆ ಯಾವಾಗ ಬಂದಿತ್ತು?" ಎಂದರು.

ಅವರು ಹೇಳಿದ್ದು ಸರಿ. ಅಸಲ್ ಉತ್ತರ್ ಇರುವ ಖೇಮ್‌ಕರಣ್ ಕಡೆಯ ಬಯಲು ನದಿಗಳು ತಂದು ಹಾಸಿದ ಮೆಕ್ಕಲು ಮಣ್ಣಿನದು. ಒಣಗಿದರೆ ಬೂದಿ ಬೆರೆತ ಗೋಧಿ ಹಿಟ್ಟಿನ ಬಣ್ಣ. ನಮ್ಮ ಕೋಲಾರದ ಕೆಂಪು ಅಲ್ಲಿ ಹುಡುಕಿದರೂ ಸಿಗುವುದಿಲ್ಲ. ಅಂದಿನಿಂದ ನಾನು ಯಾವ ಕಿಟ್ ತೆರೆದರೂ ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಗಾಡಿ ಯಾವ ಮಣ್ಣಿನ ಮೇಲೆ ನಿಂತಿತ್ತು? ಉಳಿದ ಕೆಲಸವನ್ನು ಕೈ ತಾನಾಗಿ ಕಲಿಯುತ್ತದೆ. ಇದನ್ನು ಮಾತ್ರ ಕೇಳಿಯೇ ತಿಳಿಯಬೇಕು.

ಯಾವ ಗಾಡಿ, ಯಾವ ಅಳತೆ

ಪೆಟ್ಟಿಗೆಯ ಮೇಲೆ 1/35 ಎಂದಿದ್ದರೆ ನಿಜವಾದ ಗಾಡಿಯ 35 ಸೆಂಟಿಮೀಟರು ಮಾದರಿಯಲ್ಲಿ ಒಂದು ಸೆಂಟಿಮೀಟರು ಎಂದರ್ಥ. ಸುಮಾರು 5.9 ಮೀಟರು ಉದ್ದದ ಷರ್ಮನ್ 17 ಸೆಂಟಿಮೀಟರಿಗೆ ಇಳಿಯುತ್ತದೆ. 1/72ರಲ್ಲಿ ಅದೇ ಟ್ಯಾಂಕು 8 ಸೆಂಟಿಮೀಟರಿಗೆ ತುಸು ಹೆಚ್ಚು, ಅಂದರೆ ಅಂಗೈಯಲ್ಲಿ ಮುಚ್ಚಿಕೊಳ್ಳಬಹುದು. 35 ಎಂಬ ವಿಚಿತ್ರ ಅಂಕಿ ಎಲ್ಲಿಂದ ಬಂತು ಎನ್ನುವುದಕ್ಕೆ ಒಂದು ಕಥೆ ಇದೆ. ಜಪಾನಿನ ಟಾಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿದಾಗ ಅದು ತಾನಾಗಿ ಓಡಬೇಕಿತ್ತು. ಮೋಟಾರು ಮತ್ತು ಬ್ಯಾಟರಿ ಕೂರುವಷ್ಟು ಹೊಟ್ಟೆ ಬಿಟ್ಟು ಲೆಕ್ಕ ಹಾಕಿದಾಗ ಬಂದದ್ದು 35. ಬ್ಯಾಟರಿಯ ಕಾಲ ಮುಗಿಯಿತು, ಅಳತೆ ಮಾತ್ರ ಉಳಿಯಿತು.

ಮೊದಲ ಮಾದರಿಗೆ 1/35 ತೆಗೆದುಕೊಳ್ಳಿ. 1/72 ಅಗ್ಗ ನಿಜ, ಆದರೆ ಸಾಸಿವೆ ಕಾಳಿನಷ್ಟು ಭಾಗ ನೆಲಕ್ಕೆ ಬಿದ್ದರೆ ಮನೆಯವರೆಲ್ಲ ಮಂಡಿಯೂರಿ ಹುಡುಕಬೇಕಾಗುತ್ತದೆ. ಇನ್ನೊಂದು ಮಾತು. ಜೀಪು ಸಣ್ಣದು, ಆದ್ದರಿಂದ ಸುಲಭ ಎಂದು ಎಲ್ಲರೂ ಅದರಿಂದಲೇ ಆರಂಭಿಸಲು ಹೋಗುತ್ತಾರೆ. ಅಸಲ್ ಉತ್ತರ್‌ನಲ್ಲಿ 106 ಮಿಲಿಮೀಟರಿನ, ಹಾರಿಸಿದಾಗ ಹಿಂದಕ್ಕೆ ಒದೆಯದ ರಿಕಾಯಿಲ್‌ಲೆಸ್ ತೋಪನ್ನು ಜೀಪಿನ ಮೇಲೆ ಹೊತ್ತು ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಒಡೆದು, ಮರಣೋತ್ತರ ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್ ಅವರ ಕಥೆ ಓದಿದವರಿಗಂತೂ ಆ ಜೀಪನ್ನೇ ಕಟ್ಟುವ ಆಸೆ. ಆದರೆ ಜೀಪು ತೆರೆದ ಗಾಡಿ. ಸ್ಟಿಯರಿಂಗ್, ಸೀಟು, ಗೇರು, ಗಾಜು ಎಲ್ಲವೂ ಕಣ್ಣಿಗೆ ಬೀಳುತ್ತವೆ, ಎಲ್ಲಕ್ಕೂ ಬೇರೆ ಬೇರೆ ಬಣ್ಣ. ಟ್ಯಾಂಕು ಮುಚ್ಚಿದ ಡಬ್ಬಿ. ಒಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಮೊದಲು ಟ್ಯಾಂಕು, ಆಮೇಲೆ ಜೀಪು.

ಷರ್ಮನ್ ಕಿಟ್‌ಗಳನ್ನು ಹಲವು ಕಂಪನಿಗಳು ಮಾಡುತ್ತವೆ, ಒಂದಲ್ಲ ಒಂದು ಯಾವಾಗಲೂ ಸಿಗುತ್ತದೆ. ಅಸಲ್ ಉತ್ತರ್‌ನಲ್ಲಿ ನಮ್ಮ ಡೆಕ್ಕನ್ ಹಾರ್ಸ್ ರೆಜಿಮೆಂಟ್ ಓಡಿಸಿದ್ದೂ ಷರ್ಮನ್ನನ್ನೇ. ಕೊಳ್ಳುವ ಮೊದಲು ಫೋಟೊ ನೋಡಿಕೊಳ್ಳಿ. ಭಾರತದ ಕೆಲವು ಷರ್ಮನ್‌ಗಳ ಮೂಲ ತೋಪನ್ನು ಕಿತ್ತು ಬೇರೆ ತೋಪು ಕೂರಿಸಲಾಗಿತ್ತು. ನಳಿಗೆಯ ಉದ್ದ ಹೊಂದದಿದ್ದರೆ ಸುಬೇದಾರರಂಥವರು ಬಾಗಿಲಲ್ಲೇ ಹಿಡಿಯುತ್ತಾರೆ. ಕೋಲಾರದಲ್ಲಿ ಈ ಸರಕಿನ ಅಂಗಡಿ ನನಗೆ ಕಂಡಿಲ್ಲ. ಬೆಂಗಳೂರಿನ ಹವ್ಯಾಸದ ಅಂಗಡಿಗೆ ಹೋಗಬೇಕು ಇಲ್ಲವೇ ಅಂಚೆಯಲ್ಲಿ ತರಿಸಬೇಕು.

ಬೇಕಾದ ಸಾಮಾನು

ಕೊಳ್ಳಲೇಬೇಕಾದವು ಮೂರು: ಪ್ಲಾಸ್ಟಿಕ್ ಭಾಗಗಳನ್ನು ಚೌಕಟ್ಟಿನಿಂದ ಬಿಡಿಸುವ ಚಪ್ಪಟೆ ಬಾಯಿಯ ಕಟರ್, ಮೊನೆಯುಳ್ಳ ಚಾಕು, ಪ್ಲಾಸ್ಟಿಕ್ ಸಿಮೆಂಟ್ ಎಂಬ ತೆಳುವಾದ ಅಂಟು. ಉಳಿದದ್ದು ಮನೆಯಲ್ಲಿ ಅಥವಾ ಬೀದಿಯ ಅಂಗಡಿಯಲ್ಲಿದೆ. 400, 600 ಮತ್ತು 1000 ನಂಬರಿನ ಉಪ್ಪುಕಾಗದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ನೀರಿನಲ್ಲಿ ನೆನೆಸಿ ಉಜ್ಜುವಂಥದ್ದೇ ಇರಲಿ. ಬಟ್ಟೆ ಒಣಹಾಕುವ ಕ್ಲಿಪ್ಪು, ರಬ್ಬರ್ ಬ್ಯಾಂಡು, ಹಲ್ಲುಕಡ್ಡಿ, ಹಳೆಯ ಟೂತ್‌ಬ್ರಷ್ಷು, 6ಬಿ ಪೆನ್ಸಿಲು ಇರಲಿ. ಸಂದು ತುಂಬಲು ಎಂ-ಸೀಲ್ ಸಾಕು. 1943-44ರ ಕೆಲವು ಜರ್ಮನ್ ಟ್ಯಾಂಕುಗಳ ಮೇಲೆ ಅಯಸ್ಕಾಂತದ ಬಾಂಬು ಹಿಡಿಯದಿರಲೆಂದು ಗೀರುಗೀರಾದ ಗಾರೆ ಬಳಿಯುತ್ತಿದ್ದರು. ಅದನ್ನೂ ತೆಳುವಾದ ಎಂ-ಸೀಲ್ ಪದರದ ಮೇಲೆ ಮುರಿದ ಬಾಚಣಿಗೆಯ ಹಲ್ಲಿನಿಂದ ಗೀರಿ ಮಾಡಿದ್ದೇನೆ.

ಫೆವಿಕ್ವಿಕ್ ಇದ್ದರೆ ಸಿಮೆಂಟ್ ಏಕೆ ಎಂದು ಕೇಳುವವರಿದ್ದಾರೆ. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಸಿಮೆಂಟ್ ಅದನ್ನು ತುಸು ಕರಗಿಸಿ ಎರಡು ಭಾಗಗಳನ್ನು ಬೆಸುಗೆ ಹಾಕಿದಂತೆ ಒಂದು ಮಾಡುತ್ತದೆ. ಫೆವಿಕ್ವಿಕ್ ನಡುವೆ ಗಾಜಿನಂಥ ಪದರವಾಗಿ ಕೂರುತ್ತದೆ, ಒಂದು ಪೆಟ್ಟು ಬಿದ್ದರೆ ಟಕ್ಕನೆ ಬಿಡುತ್ತದೆ. ಲೋಹದ ಸಣ್ಣ ಭಾಗಗಳಿಗೆ ಮಾತ್ರ ಅದನ್ನು ಇಟ್ಟುಕೊಳ್ಳಿ. ಕಾರಿಗೆ ಬಣ್ಣ ಹೊಡೆಯುವವರು ಬಳಸುವ ಥಿನ್ನರ್ ಮತ್ತು ಉಗುರು ಬಣ್ಣ ತೆಗೆಯುವ ದ್ರವ ಎರಡನ್ನೂ ಮೇಜಿನ ಹತ್ತಿರ ಬಿಡಬೇಡಿ. ಬಣ್ಣ ಅಳಿಸಲು ಹೋಗಿ ನನ್ನ ಒಂದು ಟರೆಟ್ (ತೋಪು ಕೂರುವ, ತಿರುಗುವ ಮೇಲ್ಭಾಗ) ಬಿಸಿಲಿಗಿಟ್ಟ ಬೆಲ್ಲದಂತೆ ಕುಸಿದಿತ್ತು.

ಸಿಮೆಂಟಿನ ವಾಸನೆ ತಲೆಗೇರುತ್ತದೆ. ಕಿಟಕಿ ತೆಗೆದು ಕೂರಿ, ಮಕ್ಕಳನ್ನು ಜೊತೆಗೆ ಕೂರಿಸಿಕೊಂಡಿದ್ದರೆ ಬಾಗಿಲನ್ನೂ ತೆಗೆದಿಡಿ.

ಬಿಡಿಸುವುದು, ಉಜ್ಜುವುದು, ಅಂಟಿಸುವುದು

ಮೊದಲು ಇಡೀ ಚೌಕಟ್ಟನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಅಚ್ಚಿನಿಂದ ಬಿಡಲೆಂದು ಕಾರ್ಖಾನೆಯಲ್ಲಿ ಸವರಿದ ಎಣ್ಣೆಯ ಪಸೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಭಾಗವನ್ನು ಒಂದೇ ಏಟಿಗೆ ಅಂಚಿಗೆ ತಾಗಿಸಿ ಕತ್ತರಿಸಬೇಡಿ. ಪ್ಲಾಸ್ಟಿಕ್ ಬಿಳಿಚಿಕೊಂಡು ಕಿತ್ತು ಬರುತ್ತದೆ. ಮೊದಲು ಎರಡು ಮಿಲಿಮೀಟರು ತುಂಡು ಬಿಟ್ಟು ಬಿಡಿಸಿ, ಆಮೇಲೆ ಉಳಿದ ಮೊಳಕೆಯನ್ನು ಚಾಕುವಿನಿಂದ ತೆಳುವಾಗಿ ಸವರಿ, ಕೊನೆಗೆ ಉಪ್ಪುಕಾಗದ. ಚಾಕು ಯಾವಾಗಲೂ ಬೆರಳಿನಿಂದ ಆಚೆಗೆ ಓಡಲಿ.

ತೋಪಿನ ನಳಿಗೆ ನಿಮ್ಮ ತಾಳ್ಮೆಯ ಪರೀಕ್ಷೆ. ಬಹಳಷ್ಟು ಹಳೆಯ ಕಿಟ್‌ಗಳಲ್ಲಿ ಅದು ಉದ್ದಕ್ಕೆ ಸೀಳಿದ ಎರಡು ಹೋಳು. ನಿಜವಾದ ನಳಿಗೆಯಲ್ಲಿ ಹೊಲಿಗೆ ಎಲ್ಲಿಯದು? ಆದ್ದರಿಂದ ಅಲ್ಲಿ ಗೆರೆ ಕಂಡರೆ ಇಡೀ ಮಾದರಿ ಆಟಿಕೆಯಾಗಿ ಕಾಣುತ್ತದೆ. ಎರಡು ಹೋಳುಗಳನ್ನು ಅಂಟು ಹಚ್ಚದೆ ಹಾಗೆಯೇ ಜೋಡಿಸಿ ಹಿಡಿದು, ಬ್ರಷ್ಷಿನ ತುದಿಯಲ್ಲಿ ಸಿಮೆಂಟ್ ಅದ್ದಿ ಸಂದಿಗೆ ಮುಟ್ಟಿಸಿ. ದೀಪದ ಬತ್ತಿ ಎಣ್ಣೆ ಹೀರಿದಂತೆ ಸಂದು ತಾನೇ ಅದನ್ನು ಉದ್ದಕ್ಕೂ ಎಳೆದುಕೊಳ್ಳುತ್ತದೆ. ಹತ್ತು ಎಣಿಸಿ, ನಿಧಾನವಾಗಿ ಒತ್ತಿ. ಕರಗಿದ ಪ್ಲಾಸ್ಟಿಕ್ ಸಂದಿನಿಂದ ಕೂದಲೆಳೆಯಷ್ಟು ಉಬ್ಬಿ ಬರಬೇಕು. ಬಂದರೆ ಒಳಗೆ ಟೊಳ್ಳು ಉಳಿದಿಲ್ಲ. ಅದನ್ನು ಒರೆಸಬೇಡಿ. ಒಂದು ದಿನ ಹಾಗೆಯೇ ಬಿಡಿ, ಗಟ್ಟಿಯಾದ ಮೇಲೆ ಆ ಉಬ್ಬನ್ನು 400ರಿಂದ ಮೊದಲುಮಾಡಿ 1000ದವರೆಗೆ ಉಜ್ಜಿ. ಉಜ್ಜುವಾಗ ಒಂದೇ ಕಡೆ ಎಳೆದರೆ ನಳಿಗೆ ಚಪ್ಪಟೆಯಾಗುತ್ತದೆ, ಕಬ್ಬು ಸುಲಿಯುವಾಗ ತಿರುಗಿಸುವಂತೆ ಬೆರಳಲ್ಲಿ ತಿರುಗಿಸುತ್ತಲೇ ಇರಿ. ಕಣ್ಣನ್ನು ನಂಬಬೇಡಿ, ಕಣ್ಣು ಮುಚ್ಚಿ ಉಗುರು ಎಳೆದು ನೋಡಿ. ಉಗುರಿಗೆ ಸಿಕ್ಕದ ಗೆರೆ ಬಣ್ಣದ ಮೇಲೂ ಸಿಕ್ಕುವುದಿಲ್ಲ.

ಒಡಲು, ಟರೆಟ್, ಚಕ್ರ, ಚೈನು ಇವನ್ನು ಬೇರೆ ಬೇರೆಯಾಗಿಯೇ ಕಟ್ಟಿ ಇಟ್ಟುಕೊಳ್ಳಿ. ಎಲ್ಲವನ್ನೂ ಅಂಟಿಸಿ ಮುಗಿಸಿದ ಮೇಲೆ ಚಕ್ರದ ಹಿಂದೆ ಬ್ರಷ್ಷು ಹೋಗುವುದಿಲ್ಲ.

ಬಣ್ಣ

ಒಂದು ಲೆಕ್ಕ ನೆನಪಿರಲಿ. ಬಣ್ಣದ ಪದರ 0.1 ಮಿಲಿಮೀಟರು ದಪ್ಪವಾದರೆ 1/35ರಲ್ಲಿ ಅದು ಮೂರೂವರೆ ಮಿಲಿಮೀಟರಿನ ಗಾರೆ. ಕಷ್ಟಪಟ್ಟು ಉಳಿಸಿಕೊಂಡ ಬೋಲ್ಟು, ಬೆಸುಗೆಯ ಗುರುತು ಎಲ್ಲವೂ ಅದರಡಿ ಮುಳುಗುತ್ತವೆ. ಆದ್ದರಿಂದ ಬಣ್ಣವನ್ನು ಹಾಲಿನಷ್ಟು ತೆಳುಮಾಡಿ, ಎರಡು ಮೂರು ಸಲ ಹಚ್ಚಿ. ಮೊದಲ ಪದರ ಮಚ್ಚೆಮಚ್ಚೆಯಾಗಿ ಕಂಡು ಗಾಬರಿಯಾಗುತ್ತದೆ, ಅದೇ ಸರಿಯಾದ ಲಕ್ಷಣ.

ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಮತ್ತು ಕಂಪ್ರೆಸರ್ ಇದ್ದರೆ ಒಳ್ಳೆಯದು, 0.3 ಮಿಲಿಮೀಟರಿನ ಬಾಯಿ ಸಾಕು. ಆದರೆ ಮೊದಲ ಮೂರು ಮಾದರಿಗಳಿಗೆ ಕೈಬ್ರಷ್ಷೇ ಇರಲಿ ಎನ್ನುವವನು ನಾನು. ಕೈಬ್ರಷ್ಷಿಗೆ ನೀರು ಆಧಾರದ ಆಕ್ರಿಲಿಕ್ ಒಗ್ಗುತ್ತದೆ. ಆಲ್ಕೊಹಾಲ್ ಆಧಾರದವು ಬೇಗ ಆರಿ, ಎರಡನೆಯ ಸಲ ಬ್ರಷ್ಷು ತಾಗಿದ ಕೂಡಲೇ ಕೆಳಗಿನ ಪದರವನ್ನು ಎಬ್ಬಿಸುತ್ತವೆ. ಅವನ್ನು ಏರ್‌ಬ್ರಷ್‌ಗೆ ಇಟ್ಟುಕೊಳ್ಳಿ. ನಮ್ಮ ಜಿಲ್ಲೆಯ ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ ಬಣ್ಣ ಬ್ರಷ್ಷಿನ ತುದಿಯಲ್ಲೇ ಒಣಗುತ್ತದೆ, ಬೆಳಿಗ್ಗೆ ಎಂಟರೊಳಗೆ ಕೂತರೆ ಕೆಲಸ ಸಾಗುತ್ತದೆ. ಮಳೆ ಹಿಡಿದ ದಿನ ಡಬ್ಬಿಯ ಸ್ಪ್ರೇ ಹೊಡೆದರೆ ಮೇಲ್ಮೈ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಫ್ಯಾನು ಬಂದ್ ಮಾಡಿ, ಹಚ್ಚಿದ ಭಾಗದ ಮೇಲೆ ಪ್ಲಾಸ್ಟಿಕ್ ಡಬ್ಬ ಬೋರಲು ಹಾಕಿ.

ಬೂದು ಬಣ್ಣದ ಪ್ರೈಮರ್ ಮೊದಲು. ಕಾರಿನ ಬಣ್ಣದ ಅಂಗಡಿಯ ಸ್ಪ್ರೇ ಪ್ರೈಮರ್ ಬಳಸಬಹುದು, ಆದರೆ ಖಾಲಿ ಚೌಕಟ್ಟಿನ ತುಂಡಿನ ಮೇಲೆ ಹೊಡೆದು ಒಂದು ರಾತ್ರಿ ನೋಡಿ. ಪ್ಲಾಸ್ಟಿಕ್ ಸುಕ್ಕುಗಟ್ಟಿದರೆ ಆ ಡಬ್ಬಿಯನ್ನು ಗೇಟಿಗೆ ಬಳಸಿ. ಪ್ರೈಮರ್ ಆರಿದ ಮೇಲೆ ಮೂಲ ಬಣ್ಣ. ಡಬ್ಬಿಯ ಆಲಿವ್ ಹಸಿರನ್ನು ಹಾಗೆಯೇ ಹಚ್ಚಿದರೆ ಸಣ್ಣ ಮಾದರಿಯ ಮೇಲೆ ಅದು ಕಪ್ಪಗೆ ಕಾಣುತ್ತದೆ. ದೂರದ ವಸ್ತುವಿನ ಬಣ್ಣ ತಿಳಿಯಾಗುವುದು ನಮ್ಮ ಕಣ್ಣಿಗೆ ರೂಢಿ, ಹಾಗಾಗಿ ಬಣ್ಣವನ್ನೂ ತುಸು ತಿಳಿ ಮಾಡಬೇಕು. ಬಿಳಿ ಬೆರೆಸಬೇಡಿ, ಹಸಿರು ಸೀಮೆಸುಣ್ಣದಂತಾಗುತ್ತದೆ. ತಿಳಿ ಗೋಧಿ ಬಣ್ಣ ಬೆರೆಸಿ. ಸಲಿಕೆ, ಪಿಕಾಸಿಯ ಹಿಡಿಗಳಿಗೆ ಮರದ ಬಣ್ಣ. ಚಕ್ರದ ರಬ್ಬರಿಗೆ ಕಪ್ಪಲ್ಲ, ಗಾಢ ಬೂದು. ಅನುಮಾನವಿದ್ದರೆ ಮನೆಯ ಮುಂದೆ ನಿಂತ ಸ್ಕೂಟರಿನ ಟೈರು ನೋಡಿ ಬನ್ನಿ.

ಚಿಹ್ನೆಗಳ ಚೀಟಿ ಅಂಟಿಸುವ ಜಾಗಕ್ಕೆ ಮೊದಲು ಹೊಳೆಯುವ ವಾರ್ನಿಷ್ ಹಚ್ಚಿ. ಒರಟು ಮೈಮೇಲೆ ಅಂಟಿಸಿದರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಚೀಟಿಯನ್ನು ಅರ್ಧ ನಿಮಿಷ ನೀರಿನಲ್ಲಿ ಬಿಟ್ಟು, ಜಾರಿಸಿ ಕೂರಿಸಿ. ಅಮೆರಿಕದ ಷರ್ಮನ್ ಕಿಟ್‌ನಲ್ಲಿ ದೊಡ್ಡ ಬಿಳಿ ನಕ್ಷತ್ರಗಳಿರುತ್ತವೆ. ಚೆಂದ ಕಾಣುತ್ತವೆ ಎಂದು 1965ರ ಭಾರತದ ಟ್ಯಾಂಕಿಗೆ ಅಂಟಿಸಬೇಡಿ. ನಮ್ಮ ಸೇನೆಯ ವಾಹನದ ನೋಂದಣಿ ಸಂಖ್ಯೆಯಲ್ಲಿ ಮೇಲ್ಮುಖದ ಬಾಣವಿರುತ್ತದೆ, ಅದನ್ನು ಸಣ್ಣ ಬ್ರಷ್ಷಿನಲ್ಲಿ ಬರೆಯಬಹುದು.

ನಂತರ ನೆರಳು. ಚಿತ್ರಕಾರರ ಎಣ್ಣೆ ಬಣ್ಣದಲ್ಲಿ ಗಾಢ ಕಂದು ಒಂದು ಚಿಟಿಕೆ ತೆಗೆದು, ಬಣ್ಣದ ಅಂಗಡಿಯ ಟರ್ಪೆಂಟೈನಿನಲ್ಲಿ ಡಿಕಾಕ್ಷನ್ ಹದಕ್ಕೆ ಕದಡಿ, ಬೋಲ್ಟಿನ ಸುತ್ತ, ಮುಚ್ಚಳದ ಅಂಚಿಗೆ ಬ್ರಷ್ಷಿನ ತುದಿ ಮುಟ್ಟಿಸಿ. ಇಡೀ ಮೈಗೆ ಸುರಿಯಬೇಡಿ. ಟರ್ಪೆಂಟೈನ್ ಅಂಟಿನ ಸಂದಿನಲ್ಲಿ ನಿಂತರೆ ಪ್ಲಾಸ್ಟಿಕ್ ಬಿರುಕು ಬಿಡಬಹುದು. ಕಡೆಗೆ ಹೊಳಪಿಲ್ಲದ ವಾರ್ನಿಷ್.

ಚೈನು

ಚೈನಿಗೆ ತುಕ್ಕಿನ ಕಂದು ಬಳಿದು ಮುಗಿಸುವುದು ಎಲ್ಲ ಹೊಸಬರ ತಪ್ಪು. ಓಡಾಡುವ ಚೈನು ಹೇಗಿರುತ್ತದೆ ಎಂದು ನೋಡಲು ಯುದ್ಧಭೂಮಿಗೆ ಹೋಗಬೇಕಿಲ್ಲ. ಬುಲ್‌ಡೋಜರ್ ತಯಾರಿಸುವ ಬೆಮೆಲ್ ಕಾರ್ಖಾನೆ ನಮ್ಮ ಕೆಜಿಎಫ್‌ನಲ್ಲೇ ಇದೆ, ಕಲ್ಲು ಕ್ವಾರಿಗಳಲ್ಲಿ, ಕೆರೆ ಹೂಳು ಎತ್ತುವಲ್ಲಿ ಹಿಟಾಚಿಗಳು ನಿಂತಿರುತ್ತವೆ. ಹತ್ತಿರ ಹೋಗಿ ನೋಡಿ. ನೆಲ ತಾಗುವ ಹಲ್ಲು ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತದೆ, ಗುಳಿಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ, ತುಕ್ಕು ಇರುವುದು ಇವೆರಡರ ನಡುವಿನ ತೆಳು ಪಟ್ಟಿಯಲ್ಲಿ ಮಾತ್ರ. ಆ ಹೊಳಪನ್ನು ಮಾದರಿಯಲ್ಲಿ ತರಲು 6ಬಿ ಪೆನ್ಸಿಲ್ಲಿನ ಸೀಸವನ್ನು ಹಲ್ಲಿನ ಅಂಚಿಗೆ ಉಜ್ಜಿದರೆ ಸಾಕು, ಬೆಳ್ಳಿ ಬಣ್ಣ ಬೇಡ.

ಆದರೆ ಷರ್ಮನ್ನಿನಲ್ಲಿ ಒಂದು ತಿರುವು ಇದೆ. ಅದರ ಹಲವು ಬಗೆಯ ಚೈನುಗಳಲ್ಲಿ ನೆಲ ತಾಗುವುದು ರಬ್ಬರಿನ ದಿಂಡು. ಕಿಟ್‌ನಲ್ಲಿ ಅಂಥ ಚೈನಿದ್ದರೆ ದಿಂಡಿಗೆ ಪೆನ್ಸಿಲು ತಾಗಿಸಬೇಡಿ. ಹೊಳೆಯಬೇಕಾದದ್ದು ಎರಡೂ ಅಂಚಿನ ಉಕ್ಕಿನ ಕೊಂಡಿಗಳು ಮಾತ್ರ.

ಧೂಳು

ಕೊನೆಗೆ ಮಣ್ಣಿಗೆ ಬಂದೆವು. ನೆಲದಿಂದ ಎತ್ತಿದ ಮಣ್ಣನ್ನು ಹಾಗೆಯೇ ಹಚ್ಚಬಾರದು, ಬಣ್ಣ ಹೊಂದಿದರೂ ಕಣ ಹೊಂದುವುದಿಲ್ಲ. ಅರ್ಧ ಮಿಲಿಮೀಟರಿನ ಮರಳ ಕಣ 1/35ರಲ್ಲಿ 17.5 ಮಿಲಿಮೀಟರಿನ ಜಲ್ಲಿಕಲ್ಲು. ನನ್ನ ಮೊದಲ ಟ್ಯಾಂಕು ಕೆಂಪು ಮಾತ್ರವಲ್ಲ, ಜಲ್ಲಿ ಮೆತ್ತಿಕೊಂಡ ಲಾರಿಯಂತೆಯೂ ಇತ್ತು. ಬೇಕಾದದ್ದು ಮುಟ್ಟಿದರೆ ರೇಷ್ಮೆಯಂತಿರುವ ಪುಡಿ. ವಿದೇಶಿ ಕಂಪನಿಗಳು ಇದನ್ನು ಪುಟ್ಟ ಶೀಶೆಗಳಲ್ಲಿ ಮಾರುತ್ತವೆ. ಗಂಧಿಗೆ ಅಂಗಡಿಯಲ್ಲಿ ಇದಕ್ಕಿಂತ ಒಳ್ಳೆಯದು ಸಿಗುತ್ತದೆ.

ಪಂಜಾಬಿನ ಷರ್ಮನ್ನಿಗೆ ಮುಲ್ತಾನಿ ಮಿಟ್ಟಿ. ಹೆಸರೇ ಹೇಳುವಂತೆ ಅದು ಆ ಕಡೆಯದೇ ಮಣ್ಣು, ಬಣ್ಣವೂ ಸರಿಯಾಗಿ ಹೊಂದುತ್ತದೆ. ಹೆಂಡತಿಯ ಡಬ್ಬಿಯಿಂದ ಎರಡು ಚಮಚ ತೆಗೆದು, ಪಂಚೆಯ ತೆಳು ಬಟ್ಟೆಯಲ್ಲಿ ಸೋಸಿಕೊಂಡೆ. ಯುಕ್ರೇನಿನ ಬಯಲಿನಲ್ಲಿ ಓಡಿದ ಸೋವಿಯತ್ ಟ್ಯಾಂಕು ಟಿ-34 ಕಟ್ಟುತ್ತಿದ್ದರೆ ಅಲ್ಲಿಯದು ಕಪ್ಪು ಮಣ್ಣು, ಗದಗದ ಕಡೆ ನೆಂಟರಿದ್ದರೆ ಒಂದು ಹಿಡಿ ಎರೆಮಣ್ಣು ತರಿಸಿ ನುಣ್ಣಗೆ ಅರೆಯಿರಿ. ಸ್ಟಾಲಿನ್‌ಗ್ರಾಡ್‌ನಂತೆ ಕುಸಿದ ಊರಿನ ನಡುವೆ ನಿಂತ ಟ್ಯಾಂಕಾದರೆ ವಿಭೂತಿಗೆ ಇಟ್ಟಿಗೆ ಪುಡಿ ಬೆರೆಸಿ. ಹೊಗೆ ಕೊಳವೆಯ ತುಕ್ಕಿಗೆ ರಂಗೋಲಿಯ ಕೆಮ್ಮಣ್ಣು ಸಾಕು, ನಮ್ಮ ನೆಲದ ಕೆಂಪಿಗೂ ಹೀಗೆ ಒಂದು ಮೂಲೆ ಸಿಗುತ್ತದೆ. ಸುಣ್ಣ ಬೇಡ, ಅದು ಬಣ್ಣವನ್ನು ತಿನ್ನುತ್ತದೆ.

ಕೆಜಿಎಫ್ ಕಡೆಯವರಿಗೆ ಒಂದು ಎಚ್ಚರಿಕೆ. 2001ರಲ್ಲಿ ಮುಚ್ಚಿದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಪುಡಿ ನೋಡಲು ಆಫ್ರಿಕದ ಮರಳುಗಾಡಿಗೆ ಹೇಳಿ ಮಾಡಿಸಿದಂತಿದೆ, ನುಣುಪಾಗಿಯೂ ಇದೆ. ಅದನ್ನು ಮನೆಗೆ ತರಬೇಡಿ. ಅದಿರು ಅರೆದು ರಾಸಾಯನಿಕದಲ್ಲಿ ತೊಳೆದು ಬಿಟ್ಟ ಪುಡಿ ಅದು, ಊದಿದರೆ ಎದೆಗೆ ಹೋಗುತ್ತದೆ. ಗೋಪಿಚಂದನದಿಂದ ಅದೇ ಬಣ್ಣ ಬರುತ್ತದೆ.

ಹಚ್ಚುವ ಕ್ರಮ ಹೀಗೆ. ಒಣ ಪುಡಿಯನ್ನು ಮೆತ್ತನೆಯ ಬ್ರಷ್ಷಿನಲ್ಲಿ ಎತ್ತಿ, ಧೂಳು ತಾನಾಗಿ ಕೂರುವ ಕಡೆ ಉದುರಿಸಿ: ಚಕ್ರದ ಮಧ್ಯದ ಗುಳಿ, ಮಡ್‌ಗಾರ್ಡಿನ ಮೂಲೆ, ಒಡಲಿನ ಕೆಳಭಾಗ. ಟರೆಟ್ಟಿನ ಮೇಲೆ ಚಿಟಿಕೆ ಸಾಕು. ಆಮೇಲೆ ಟರ್ಪೆಂಟೈನಿನ ಒಂದು ಹನಿಯನ್ನು ಬ್ರಷ್ಷಿನಿಂದ ಅಂಚಿಗೆ ಮುಟ್ಟಿಸಿ, ಪುಡಿ ಅದನ್ನು ಹೀರಿ ಕೂತುಕೊಳ್ಳುತ್ತದೆ. ಒದ್ದೆಯಾದಾಗ ಬಣ್ಣ ಕಪ್ಪಾಗಿ, ಕೆಲಸ ಕೆಟ್ಟಿತು ಎನ್ನಿಸುತ್ತದೆ. ಒಂದು ಗಂಟೆ ಬಿಟ್ಟು ಬನ್ನಿ, ಮೊದಲಿನ ಬಣ್ಣ ಮರಳಿರುತ್ತದೆ. ಇದರ ಮೇಲೆ ವಾರ್ನಿಷ್ ಹೊಡೆಯಬೇಡಿ, ಧೂಳೆಲ್ಲ ಮಾಯವಾಗುತ್ತದೆ.

ಅಸಲ್ ಉತ್ತರ್‌ನಲ್ಲಿ ಧೂಳಿನಷ್ಟೇ ಕೆಸರೂ ಇತ್ತು. ನಮ್ಮವರು ಗದ್ದೆಗಳಿಗೆ ನೀರು ನುಗ್ಗಿಸಿದ್ದರು, ಎದುರಾಳಿಯ ಪ್ಯಾಟನ್‌ಗಳು ಅದರಲ್ಲಿ ಹೂತವು, ನಮ್ಮ ಟ್ಯಾಂಕುಗಳು ಕಬ್ಬಿನ ಮರೆಯಲ್ಲಿ ಕಾದಿದ್ದವು. ಕೆಸರಿಗೂ ಅದೇ ಮುಲ್ತಾನಿ, ಸ್ವಲ್ಪ ಕಂದು ಬಣ್ಣ ಬೆರೆಸಿ. ಆದರೆ ಬರಿ ನೀರಿನಲ್ಲಿ ಕಲಸಿ ದಪ್ಪಗೆ ಬಳಿದರೆ, ಮುಖದ ಮೇಲೆ ಬಿರಿಯುವಂತೆಯೇ ಚಕ್ರದ ಮೇಲೂ ಬಿರಿಯುತ್ತದೆ, ಬೆಂಗಳೂರಿನಿಂದ ಸಂಸ್ಕರಿಸಿ ಬಿಡುವ ಕೆ.ಸಿ. ವ್ಯಾಲಿ ನೀರು ಬರುವ ಮೊದಲು ಬೇಸಿಗೆಯಲ್ಲಿ ಕಾಣುತ್ತಿದ್ದ ನಮ್ಮ ಕೆರೆಯ ತಳದ ಹಾಗೆ. ನಾಲ್ಕು ಪಾಲು ನೀರಿಗೆ ಒಂದು ಪಾಲು ಫೆವಿಕಾಲ್ ಹಾಕಿ ಕಲಸಿದರೆ ಬಿರಿಯುವುದಿಲ್ಲ. ಹಳೆಯ ಟೂತ್‌ಬ್ರಷ್ಷಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ಎಳೆಗಳನ್ನು ಹಿಂದಕ್ಕೆ ಎಳೆದು ಬಿಡಿ. ಚಕ್ರದಿಂದ ಎರಚಿದಂತೆ ಸಣ್ಣ ಹನಿಗಳು ಬೀಳುತ್ತವೆ. ಮೊದಲ ಎರಚನ್ನು ಕಾಗದದ ಮೇಲೆ ಮಾಡಿ, ಗೋಡೆಯ ಕಡೆಗೆ ಅಲ್ಲ.

ಇಡುವುದು ಗಾಜಿನ ಪೆಟ್ಟಿಗೆಯಲ್ಲಿ. ಅಕ್ವೇರಿಯಂ ಮಾಡುವವರಿಗೆ ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ, ಅಡಿಯಲ್ಲಿ ಟ್ಯಾಂಕಿಗೆ ಹಚ್ಚಿದ ಮಣ್ಣನ್ನೇ ಫೆವಿಕಾಲಿನಲ್ಲಿ ಹರಡಿ. ಚಕ್ರದ್ದೊಂದು ಬಣ್ಣ, ನೆಲದ್ದೊಂದು ಬಣ್ಣ ಆದರೆ ಇಷ್ಟು ಮಾಡಿದ್ದೂ ವ್ಯರ್ಥ. ಪೆಟ್ಟಿಗೆ ಇಲ್ಲದೆ ಕಪಾಟಿನಲ್ಲಿಟ್ಟರೆ ಆರು ತಿಂಗಳಲ್ಲಿ ಕೋಲಾರದ ಧೂಳು ಕೂರುತ್ತದೆ. ಆಗ ಬಟ್ಟೆಯಲ್ಲಿ ಒರೆಸಬೇಡಿ, ಪೌಡರ್ ಹಚ್ಚುವ ಮೆತ್ತನೆಯ ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ಸವರಿ. ಒರೆಸಿದರೆ ಕೋಲಾರದ ಜೊತೆಗೆ ಪಂಜಾಬೂ ಹೋಗುತ್ತದೆ.